ಬಲಗಡೆ ಬಂದು ಕೂತವರು

ನನ್ನ ಎಡಗಿವಿಗೆ ಕೇಳಿಸುವುದಿಲ್ಲ ಎಂದು ನನಗಿಂತ ಮೊದಲು ಗೊತ್ತಾದದ್ದು ನಾಲ್ಕನೇ ತರಗತಿಯ ಮಕ್ಕಳಿಗೆ. ಆಗ ನಾನು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿದ್ದೆ. ಹಲಗೆಗೆ ಬೆನ್ನು ಮಾಡಿ ನಿಂತರೆ ಹುಡುಗಿಯರು ನನ್ನ ಎಡಕ್ಕೆ, ಹುಡುಗರು ಬಲಕ್ಕೆ. ಒಂದು ದಿನ ಮಗ್ಗಿ ಒಪ್ಪಿಸುತ್ತಿದ್ದ ಹುಡುಗಿಯೊಬ್ಬಳು ಎದ್ದು ಬಂದು ನನ್ನ ಸೆರಗು ಹಿಡಿದು ಎಳೆದಳು.

“ಅಕ್ಕೋರ, ನಾ ಹೇಳಿ ಮುಗಿಸೇನ್ರಿ. ನೀವು ಇನ್ನೂ ಹೇಳು ಹೇಳು ಅನ್ನಾಕತ್ತೀರಿ.”

ತರಗತಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅಕ್ಕೋರಿಗೆ ಈ ಕಡೆಯಿಂದ ಕೇಳಿಸುವುದಿಲ್ಲ ಎಂದು ಅವರು ಯಾವಾಗಲೋ ತಮ್ಮೊಳಗೇ ಮಾತಾಡಿಕೊಂಡು ಮುಗಿಸಿದ್ದರು. ಅಂದು ಮಧ್ಯಾಹ್ನ ಮುಖ್ಯ ಗುರುಗಳು ನನ್ನನ್ನು ಕರೆದು, “ಮೇಡಂ, ಒಮ್ಮೆ ರಾಣೆಬೆನ್ನೂರಿಗೆ ಹೋಗಿ ಕಿವಿ ತೋರಿಸ್ಕೊಂಡ ಬರ್ರಿ,” ಎಂದರು.

ಕಿವಿಗೆ ಏನಾಗಿತ್ತು ಎಂಬುದು ನನಗೆ ಗೊತ್ತಿತ್ತು. ಏಳು ತಿಂಗಳ ಹಿಂದೆ ಒಂದು ಭಾನುವಾರ ಸಂಜೆ, ನನ್ನ ಚಿಕ್ಕಮ್ಮನ ಮಗಳ ಮದುವೆಗೆ ಬರುತ್ತೇನೆ ಎಂದು ಗಂಡನನ್ನು ಕೇಳದೆ ಅವ್ವನಿಗೆ ಫೋನಿನಲ್ಲಿ ಮಾತು ಕೊಟ್ಟಿದ್ದೆ. ಫೋನು ಇಡುವುದಕ್ಕೂ ಅವರ ಅಂಗೈ ನನ್ನ ಎಡಗೆನ್ನೆಗೆ, ಕಿವಿಗೆ ಸೇರಿ ಬೀಳುವುದಕ್ಕೂ ನಡುವೆ ಸಮಯವೇ ಇರಲಿಲ್ಲ. ತಲೆಯೊಳಗೆ ಏನೋ ಹರಿದ ಸದ್ದು. ಮನೆ ಒಂದು ಕಡೆಗೆ ವಾಲಿತು. ಆಮೇಲೆ ಕಿವಿಯೊಳಗೆ ಬಿಸಿನೀರು ಹರಿದ ಹಾಗೆ ಅನಿಸಿತು. ಅದು ನೀರಲ್ಲ, ರಕ್ತ ಎಂದು ದಿಂಬು ನೋಡಿದಾಗ ತಿಳಿಯಿತು.

ಅದು ಮೊದಲ ಏಟಾಗಿರಲಿಲ್ಲ. ಮಗಳು ಅಮೃತಾ ಹುಟ್ಟಿದ ವರ್ಷದಿಂದಲೂ ನಡೆದಿತ್ತು. ಅವಳಿಗೆ ಆಗ ಹತ್ತು ವರ್ಷ.

ನನ್ನ ಗಂಡನಿಗೆ ಬ್ಯಾಡಗಿಯಲ್ಲಿ ಔಷಧಿ ಅಂಗಡಿ ಇದೆ. ಊರಿನವರಿಗೆ ಅವರ ಮೇಲೆ ಬಹಳ ನಂಬಿಕೆ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವ ಮೊದಲು ಅವರ ಹತ್ತಿರ ಬಂದು ಹೇಳಿಕೊಳ್ಳುತ್ತಿದ್ದರು. ಅವರೂ ಮೆಲ್ಲಗೆ, ನಗುತ್ತ ಮಾತಾಡುವವರು. ಆ ರಾತ್ರಿ ಅವರೇ ಅಂಗಡಿಯಿಂದ ಹನಿ ಔಷಧಿ ತಂದು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹತ್ತಿಯಿಂದ ರಕ್ತ ಒರೆಸಿ ಔಷಧಿ ಬಿಟ್ಟರು. ಕಣ್ಣಲ್ಲಿ ನೀರು ತಂದುಕೊಂಡರು. ಇದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ. ಹೊಡೆದ ಕೈಯೇ ಅಷ್ಟು ಹಗುರವಾಗಿ ಒರೆಸುವಾಗ, ದೂರುವುದು ಯಾರನ್ನು ಎಂದು ನನಗೆ ತಿಳಿಯುತ್ತಿರಲಿಲ್ಲ.

ಮಾರನೆಯ ದಿನ ಅವರ ಪರಿಚಯದ ಡಾಕ್ಟರಲ್ಲಿಗೆ ಕರೆದೊಯ್ದಿದ್ದರು. “ಏನಾತ್ರಿ ಅಕ್ಕಾರಿಗೆ?” ಎಂದು ಡಾಕ್ಟರು ಕೇಳಿದ್ದು ಅವರನ್ನೇ.

“ಬಚ್ಚಲದಾಗ ಜಾರಿ ಬಿದ್ದಾಳ್ರಿ ಈಕಿ. ನಲ್ಲಿಗೆ ಬಡದೈತಿ.”

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ ತುಂಬುವ ದಿನಗಳವು. ದವಾಖಾನೆಯಲ್ಲಿ ಕೂತವರೆಲ್ಲ ಕೆಮ್ಮುತ್ತಿದ್ದರು. ಡಾಕ್ಟರು ಟಾರ್ಚು ಹಿಡಿದು ನೋಡಿ, “ಘಾಟಿಗೆ ನೆಗಡಿಯಾಗಿ ಕಿವಿನೂ ಕಟ್ಟೇತಿ. ಕಡಿಮಿ ಆಗ್ತೈತಿ,” ಎಂದರು. ನಾನೂ ಹಾಗೇ ಇರಲಿ ಎಂದುಕೊಂಡೆ. ಅದಾದ ಮೇಲೆ ಕಿವಿ ಸೋರಲು ಶುರುವಾಯಿತು. ದಿನವಿಡೀ ಕುಕ್ಕರಿನ ಸೀಟಿಯಂಥ ಸದ್ದು ಒಳಗೇ ಕೂಗುತ್ತಿತ್ತು.

ಮುಖ್ಯ ಗುರುಗಳು ಹೇಳಿದ್ದರಿಂದ ಗಂಡ ಇಲ್ಲವೆನ್ನಲಾಗಲಿಲ್ಲ. ರಾಣೆಬೆನ್ನೂರಿನ ಕಿವಿ ಮೂಗು ಗಂಟಲಿನ ಆಸ್ಪತ್ರೆಗೆ ತಾವೂ ಬಂದರು. ಕಾಯುವ ಕೋಣೆಯಲ್ಲಿ ನಮ್ಮ ಪಕ್ಕ ಒಬ್ಬ ಮುದುಕರು ಕಿವಿಯ ಮಷಿನ್ನು ತೆಗೆದು ಊದಿ ಮತ್ತೆ ಹಾಕಿಕೊಳ್ಳುತ್ತಿದ್ದರು. ನನ್ನ ಹೆಸರು, ವಯಸ್ಸು, ತೊಂದರೆ ಎಲ್ಲವನ್ನೂ ಚೀಟಿಯಲ್ಲಿ ಗಂಡನೇ ಬರೆದರು. ನಾನು ಟೀಚರು, ನನಗೆ ಬರೆಯಲು ಬರುತ್ತದೆ ಎಂಬುದು ನನಗೂ ನೆನಪಾಗಲಿಲ್ಲ.

ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ಅವರೂ ಗಂಡನ ಎದುರಿಗೇ ಹೇಗಾಯಿತು ಎಂದು ಕೇಳಿದರು. ಮತ್ತೆ ಬಚ್ಚಲು, ಮತ್ತೆ ನಲ್ಲಿ. ಡಾಕ್ಟರು ಉಪಕರಣದಿಂದ ಬಹಳ ಹೊತ್ತು ನೋಡಿದರು. “ಪರದೆ ಹರಿದೈತಿ. ಸಣ್ಣ ತೂತಲ್ಲ. ಎಷ್ಟು ಕೇಳಸ್ತೈತಿ ಅಂತ ಟೆಸ್ಟ್ ಮಾಡ್ಬೇಕು,” ಎಂದು ಒಳಗಿನ ಕೋಣೆಗೆ ಕಳಿಸಿದರು.

ಕೇಳುವ ಶಕ್ತಿ ಪರೀಕ್ಷೆ ಮಾಡುವವಳು ಶಬಾನಾ, ಮೂವತ್ತು ದಾಟದ ಹುಡುಗಿ, ರಾಣೆಬೆನ್ನೂರಿನವಳೇ. ಹೊರಗಿದ್ದ ಯಾರಿಗೋ ಉರ್ದುವಿನಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಬರ್ರಿ ಎಂದಳು. ಅವಳ ಹಿಂದೆ ಒಂದು ಪುಟ್ಟ ಕೋಣೆ, ದಪ್ಪ ಬಾಗಿಲು, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ. ಗಂಡನೂ ಒಳಗೆ ಹೆಜ್ಜೆ ಇಟ್ಟರು.

“ಒಬ್ಬರ ರೀ ಸರ,” ಎಂದಳು ಶಬಾನಾ. “ನೀವು ಉಸಿರಾಡಿದ್ರೂ ಮಷಿನ್ ಹಿಡೀತೈತಿ.”

ಹತ್ತು ವರ್ಷಗಳಲ್ಲಿ ಡಾಕ್ಟರ ಕೋಣೆಯೊಂದರಲ್ಲಿ ನಾನು ಒಬ್ಬಳೇ ಕೂತದ್ದು ಅದೇ ಮೊದಲು.

ಹೆಡ್‌ಫೋನು ಹಾಕಿದಳು, ಕೈಗೆ ಒಂದು ಗುಂಡಿ ಕೊಟ್ಟಳು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಬಲಗಿವಿಗೆ ಸರಿಯಾಗಿ ಒತ್ತಿದೆ. ಎಡಗಿವಿಗೆ ಬಂದಾಗ ಗಾಜಿನಾಚೆ ಅವಳ ಕೈ ಆಡುತ್ತಲೇ ಇತ್ತು, ನನ್ನ ಬೆರಳು ಸುಮ್ಮನೆ ಇತ್ತು. ಪರೀಕ್ಷೆ ಮುಗಿದ ಮೇಲೆ ಅವಳು ಬಾಗಿಲು ತೆರೆದು ನನ್ನನ್ನು ಹೊರಗೆ ಕರೆಯಲಿಲ್ಲ. ತಾನೇ ಒಳಗೆ ಬಂದಳು, ಬಾಗಿಲು ಹಾಕಿದಳು, ಸ್ಟೂಲನ್ನು ಎತ್ತಿ ನನ್ನ ಬಲಗಡೆಗೆ ಇಟ್ಟುಕೊಂಡು ಕೂತಳು.

“ಅಕ್ಕಾ, ನಾ ಒಂದ್ ಮಾತು ಕೇಳ್ತೇನ್ರಿ. ಇದನ್ನ ಪರದೆ ಹರದು ಬಂದ ಎಲ್ಲಾ ಹೆಣ್ಮಕ್ಕಳಿಗೂ ಕೇಳ್ತೇನಿ. ಅಂಗೈಲೆ ಹೊಡದ್ರೂ ಹಿಂಗ ಹರೀತೈತ್ರಿ. ಮನ್ಯಾಗ ಯಾರಾದ್ರೂ ನಿಮ್ಮ ಮ್ಯಾಲೆ ಕೈ ಮಾಡ್ತಾರೇನ್ರಿ?”

“ಇಲ್ಲ,” ಎಂದೆ. ಎಷ್ಟು ಬೇಗ ಅಂದೆನೆಂದರೆ ಅವಳ ಮಾತು ಪೂರ್ತಿ ಮುಗಿದಿತ್ತೋ ಇಲ್ಲವೋ.

ಅವಳು ನನ್ನ ಮುಖವನ್ನು ಹುಡುಕಿ ನೋಡಲಿಲ್ಲ. ಸುಳ್ಳು ಹೇಳಬೇಡಿ ಎನ್ನಲಿಲ್ಲ. “ಆಯ್ತ್ರಿ,” ಎಂದಳು. ಏಳುವಾಗ ಮಾತ್ರ, “ಇವತ್ತ ಇಲ್ಲ ಅಂದವರು ಮುಂದ ಯಾವಾಗರ ಹೌದು ಅನ್ನಬಹುದು. ನಾ ಇಲ್ಲೇ ಇರ್ತೇನಿ. ಮೂರು ವಾರಕ್ಕ ಇನ್ನೊಂದು ಟೆಸ್ಟ್ ಐತ್ರಿ,” ಎಂದಳು. ಚೀಟಿಯಲ್ಲಿ ಏನನ್ನೂ ಬರೆಯಲಿಲ್ಲ.

ಆ ಮೂರು ವಾರ ಅವಳ ಮೇಲೆ ನನಗೆ ಸಿಟ್ಟಿತ್ತು. ನನ್ನ ಮನೆಯ ವಿಷಯ ಅವಳಿಗೇಕೆ ಎಂದು. ಆದರೂ ದಿನಕ್ಕೊಮ್ಮೆಯಾದರೂ ಆ ಸ್ಟೂಲು ನೆನಪಾಗುತ್ತಿತ್ತು. ಕೇಳಿಸುವ ಕಡೆಗೆ ಬಂದು ಕೂತು ಮಾತಾಡಿದಳಲ್ಲ ಎಂದು.

ಎರಡನೇ ಸಲ ಹೋದದ್ದು ಶನಿವಾರ, ಶಾಲೆ ಬಿಟ್ಟ ಮೇಲೆ. ಅಮೃತಾಳೂ ಜೊತೆಗಿದ್ದಳು. ಗಂಡ ಹೊರಗೆ ಫೋನಿನಲ್ಲಿದ್ದರು. ಕಾಯುವ ಕೋಣೆಯಲ್ಲಿ ನನ್ನ ಬಲಕ್ಕೆ ಅಮೃತಾ, ಅವಳಾಚೆ ಒಬ್ಬ ಅಜ್ಜಿ. ಅಜ್ಜಿ ಸುಮ್ಮನೆ ಮಾತಿಗೆ, “ನಿಮ್ಮವ್ವಗ ಏನಾಗೇತಿ ಕೂಸ?” ಎಂದಳು.

“ಬಚ್ಚಲದಾಗ ಜಾರಿ ಬಿದ್ಲು,” ಎಂದಳು ನನ್ನ ಮಗಳು. “ಸಾಬಾಣಿ ನೀರು ಚೆಲ್ಲಿತ್ತು. ಹಿಂಗ ಹೋಗಿ ನಲ್ಲಿಗೆ ಬಡೀತು. ನಾನ ಎಬ್ಬಿಸಿದೆ.”

ತಲೆ ವಾಲಿಸಿ, ಕೈಯಿಂದ ನಲ್ಲಿ ಇದ್ದ ಎತ್ತರವನ್ನೂ ತೋರಿಸಿದಳು. ಸಾಬೂನಿನ ನೀರು ಅವಳದೇ ಸೇರ್ಪಡೆ. ಅದನ್ನು ಅವಳ ಅಪ್ಪನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆ ಭಾನುವಾರ ಅವಳು ಬಾಗಿಲ ಹತ್ತಿರವೇ ನಿಂತಿದ್ದಳು, ಎಲ್ಲವನ್ನೂ ನೋಡಿದ್ದಳು. ಆ ಮೇಲೆ ನಾವು ಅವಳಿಗೆ ಯಾವ ಮಾತನ್ನೂ ಹೇಳಿಕೊಟ್ಟಿರಲಿಲ್ಲ. ತಾನಾಗಿಯೇ ಕಲಿತಿದ್ದಳು. ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ ಅಜ್ಜಿ ಅಯ್ಯೋ ಎಂದು ಅವಳ ಗಲ್ಲ ಸವರಿದಳು.

ಏಟು ಬಿದ್ದಾಗ ವಾಲಿದ್ದಕ್ಕಿಂತ ಹೆಚ್ಚಾಗಿ ಆ ಕುರ್ಚಿಯಲ್ಲಿ ನಾನು ವಾಲಿದೆ.

ಒಳಗೆ ಹೋಗಿ ಶಬಾನಾ ಹೆಡ್‌ಫೋನು ಎತ್ತುವ ಮೊದಲೇ ಹೇಳಿದೆ. “ಹೌದ್ರಿ. ಹೊಡದಾರ.”

ಮುಂದೆ ಅಳು ಬಂತು. ಅವಳು ಹೆಡ್‌ಫೋನು ಕೆಳಗಿಟ್ಟು ಬಲಗಡೆ ಕೂತಳು. ಯಾಕೆ ಹೊಡೆದರು, ನೀವೇನು ಮಾಡಿದ್ದಿರಿ, ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ, ಇವು ಯಾವನ್ನೂ ಕೇಳಲಿಲ್ಲ. ನಾನು ಹತ್ತು ವರ್ಷ ಹೆದರಿದ್ದು ಈ ಪ್ರಶ್ನೆಗಳಿಗೇ. ಅವಳು ಕೇಳಿದ್ದು ಇಷ್ಟೇ: “ಇವತ್ತ ಮನೀಗೆ ಹೋಗಾಕ ಹೆದ್ರಿಕಿ ಐತೇನ್ರಿ?”

ಇವತ್ತಿಲ್ಲ ಎಂದೆ.

“ಡಾಕ್ಟರಿಗೆ ಹೇಳ್ಲೇನ್ರಿ? ನೀವು ಹೂಂ ಅಂದ್ರ ಅಷ್ಟ.”

ಹೂಂ ಎಂದೆ. ಡಾಕ್ಟರು ಆ ಪುಟ್ಟ ಕೋಣೆಗೇ ಬಂದರು. ನಿಂತೇ ಮಾತಾಡುವವರು, ಅಂದು ನೆಲದ ಮೇಲೆ ಮೊಣಕಾಲೂರಿ ಕೂತರು. “ಮೊದಲ ಸಲ ನಿಮ್ಮ ಯಜಮಾನ್ರ ಮುಂದ ಕೇಳಿದ್ನಲ್ಲ, ಅದು ನಂದ ತಪ್ಪು. ಅವರ ಮುಂದ ನೀವು ಹ್ಯಾಂಗ ಹೇಳ್ತಿದ್ರಿ?” ಎಂದರು. ಡಾಕ್ಟರೊಬ್ಬರು ನನ್ನ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವರು ನಾನು ಹೇಳಿದ್ದನ್ನು ನನ್ನ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿ, ಸರಿ ಇದೆಯೇ ಎಂದು ಕೇಳಿದರು. ‘ಗಂಡ’ ಎಂಬ ಪದ ಬಂದಾಗಲೂ ಸರಿ ಇದೆ ಎಂದೆ. ಪೊಲೀಸರ ವಿಷಯವನ್ನೂ ಬಿಡಿಸಿ ಹೇಳಿದರು. ಈಗ ಬೇಡ ಎಂದೆ. ಬೇಡ ಎಂದದ್ದನ್ನೂ ಬರೆದರು. ಆ ಕಾಗದ ಆಸ್ಪತ್ರೆಯಲ್ಲೇ ಉಳಿಯಿತು. ಮನೆಗೆ ತಂದ ಚೀಟಿಯಲ್ಲಿ ಹನಿ ಔಷಧಿಯ ಹೆಸರು ಮಾತ್ರ ಇತ್ತು.

“ಪರದೆಗೆ ಆಪರೇಷನ್ ಮಾಡಬಹುದು,” ಎಂದರು ಡಾಕ್ಟರು. “ಆದ್ರ ಮಾಡಿದ ಮ್ಯಾಲೆ ಆ ಕಿವಿಗೆ ಇನ್ನೊಂದು ಪೆಟ್ಟು ಬೀಳಬಾರದು. ಅವಾಗ ನೀವು ಎಲ್ಲಿ ಇರ್ತೀರಿ ಅನ್ನೂದನ್ನ ಮೊದಲು ನೋಡೂಣು. ಆಮ್ಯಾಲೆ ತಾರೀಖು ಇಡ್ತೇನಿ.”

ಅದನ್ನು ಯೋಚಿಸಲು ನನ್ನೊಬ್ಬಳಿಂದ ಆಗುವುದಿಲ್ಲ ಎಂದು ಅವರಿಗೆ ತಿಳಿದಿತ್ತು. ಹಾವೇರಿಯಲ್ಲಿ ಹೆಣ್ಣುಮಕ್ಕಳಿಗಾಗಿ ಇರುವ ಸಹಾಯ ಕೇಂದ್ರದ ಬಗ್ಗೆ ಹೇಳಿದರು. ನಂಬರು ಬರೆದುಕೊಡಲಿಲ್ಲ. ನನ್ನ ಫೋನನ್ನು ಗಂಡ ನೋಡುತ್ತಾರೆ ಎಂದು ಹೇಳಿದ್ದೆ. ಶಬಾನಾ ನನ್ನ ಎದುರಿಗೇ ಅಲ್ಲಿಗೆ ಫೋನು ಮಾಡಿ ದಿನ, ಹೊತ್ತು ಗೊತ್ತು ಮಾಡಿದಳು.

ಶಾಲೆಯ ತರಬೇತಿಗೆಂದು ಹಾವೇರಿಗೆ ಹೋಗಬೇಕಿದ್ದ ದಿನ ಅರ್ಧ ದಿನ ರಜೆ ಹಾಕಿ ಹೋದೆ. ಕೇಂದ್ರದ ಬಾಗಿಲಲ್ಲಿ ಕೂತಿದ್ದ ಗುಮಾಸ್ತ ತಲೆ ಎತ್ತದೆ, “ಏನ್ ಕೇಸ್ರಿ? ವರದಕ್ಷಿಣೀನೋ, ಹೊಡೆತಾನೋ?” ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ. ಅಲ್ಲಿ ಕೂತಿದ್ದವರು ತಿರುಗಿ ನೋಡಿದರು. ತಪ್ಪಿ ಬಂದೆ ಎಂದು ಹೇಳಿ ವಾಪಸು ಮೆಟ್ಟಿಲಿಳಿದೆ. ಹಿಂದಿನಿಂದ ಯಾರೋ ಕರೆದರಂತೆ, ನನಗೆ ಕೇಳಿಸಲಿಲ್ಲ. ಅವರು ಓಡಿಬಂದು ಎದುರಿಗೆ ನಿಂತರು. ಐವತ್ತು ದಾಟಿದ, ದಪ್ಪ ಕನ್ನಡಕದ ಹೆಂಗಸು. ಅಲ್ಲಿನ ಸಮಾಲೋಚಕಿ, ನಿರ್ಮಲಾ ಮೇಡಂ.

“ಶಬಾನಾ ಹೇಳಿದ್ದು ನಿಮ್ಮ ಬಗ್ಗೆನ ಅಲ್ರಿ? ಅಲ್ಲಿ ಆದದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ, ಅವಗ ನಾ ಹೇಳ್ತೇನಿ. ಬರ್ರಿ, ಹಿಂದಿನ ಬಾಗಲದಿಂದ ಹೋಗೂಣು.”

ಕೋಣೆಯಲ್ಲಿ ಕೂತ ಮೇಲೆ ಮೊದಲು ಕೇಳಿದ್ದು, “ಯಾವ ಕಿವಿಲೆ ಕೇಳ್ತೈತ್ರಿ?” ಎಂದು. ಬಲ ಎಂದೊಡನೆ ಕುರ್ಚಿ ಎಳೆದುಕೊಂಡು ಈಚೆಗೆ ಬಂದರು.

“ನಾ ಅವರನ್ನ ಬಿಡ್ರಿ ಅಂತ ಹೇಳಂಗಿಲ್ಲ. ಹೊಂದ್ಕೊಂಡು ಇರ್ರಿ ಅಂತನೂ ಹೇಳಂಗಿಲ್ಲ,” ಎಂದರು. “ನಿಮಗ ಯಾರ ಹತ್ರ ಇದ್ರ ಚಲೋ ನಿದ್ದಿ ಬರ್ತೈತಿ? ಅದನ್ನ ಹೇಳ್ರಿ ಸಾಕು.”

ಎಷ್ಟೋ ವರ್ಷಗಳಿಂದ ಯಾರೂ ಇಂಥದ್ದನ್ನು ಕೇಳಿರಲಿಲ್ಲ. ಅವ್ವ ಎಂದೆ.

ನನ್ನ ಅವ್ವ ಗುತ್ತಲದ ಬಸ್ ನಿಲ್ದಾಣದ ಹತ್ತಿರ ರೊಟ್ಟಿ ಖಾನಾವಳಿ ನಡೆಸುತ್ತಾಳೆ. ಅಪ್ಪ ಹೋದ ಮೇಲೆ ಆ ಖಾನಾವಳಿಯಿಂದಲೇ ನನ್ನನ್ನು ಓದಿಸಿದವಳು. ಅಮೃತಾ ಹುಟ್ಟಿದ ಹೊಸತರಲ್ಲಿ ಒಮ್ಮೆ ಅವಳಿಗೆ ಅರ್ಧ ಹೇಳಿದ್ದೆ. ಹೊಂದಿಕೊಂಡು ಹೋಗು, ಒಳ್ಳೆಯ ಮನುಷ್ಯ ಎಂದಿದ್ದಳು. ಆಮೇಲೆ ಹೇಳಿರಲಿಲ್ಲ. ಹಾಗಾಗಿ ನಿರ್ಮಲಾ ಮೇಡಂ, “ಅವರಿಗೆ ನೀವು ಹೇಳ್ತೀರೋ, ನಾ ಹೇಳ್ಲೋ?” ಎಂದಾಗ, ನೀವೇ ಹೇಳಿ ಎಂದೆ.

ಅವರು ತಮ್ಮ ಫೋನಿನಿಂದ ಮಾಡಿ, ನನಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು. ಆಚೆ ಕಡೆ ಅವ್ವ ರೊಟ್ಟಿ ಬಡಿಯುವ ಸದ್ದು. ಮೇಡಂ ತಾವು ಯಾರು ಎಂದು ಹೇಳಿ, ಸುತ್ತಿ ಬಳಸದೆ ಮೂರು ಮಾತಿನಲ್ಲಿ ವಿಷಯ ತಿಳಿಸಿದರು. ರೊಟ್ಟಿ ಬಡಿಯುವುದು ನಿಂತಿತು. ಅವ್ವ ಕೇಳಿದಳು: “ಸುಮಾ ಅಲ್ಲೇ ಅದಾಳೇನ್ರಿ?”

“ಅದೇನಿ ಅವ್ವ.”

“ನಾ ನಿನಗ ಫೋನ್‌ನ್ಯಾಗ ಬೈತಿದ್ನಲ್ಲ, ಎಷ್ಟ ಸಲ ಹೇಳಿದ್ರೂ ಯಾಕ ಕೇಳಸವಲ್ದು ಅಂತ.”

ಅಷ್ಟು ಹೇಳಿ ಅತ್ತಳು. ಮೇಡಂ ನಮ್ಮಿಬ್ಬರನ್ನೂ ಸಮಾಧಾನ ಮಾಡಲು ಹೋಗಲಿಲ್ಲ. ನನ್ನ ಮುಂದೆ ಚಹಾ ಇಟ್ಟು, ಕಿಟಕಿಯ ಕಡೆ ನೋಡುತ್ತ ಕೂತರು.

ಆಪರೇಷನ್ನಿಗೆ ಬೇಸಿಗೆ ರಜೆ ಗೊತ್ತಾಯಿತು. ಆಮೇಲೆ ಆರು ವಾರ ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು, ತವರಿನಲ್ಲಿದ್ದರೆ ಒಳ್ಳೆಯದು ಎಂದು ಡಾಕ್ಟರು ಗಂಡನಿಗೆ ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಔಷಧಿ ಅಂಗಡಿಯವರು ಡಾಕ್ಟರ ಮಾತಿಗೆ ಎದುರಾಡಲಿಲ್ಲ. ಅದಕ್ಕೂ ಮೊದಲೇ ನನ್ನ ಅಂಕಪಟ್ಟಿಗಳು, ಅಮೃತಾಳ ಜನನ ಪತ್ರ ಒಂದೊಂದಾಗಿ ಶಾಲೆಯ ಬೀರುವಿಗೆ ಹೋಗಿದ್ದವು. ಈ ನಡುವೆ ಎರಡು ಸಲ ನಾನು ಹಾವೇರಿಗೆ ಹೋಗಿ ಇದೆಲ್ಲ ಬೇಡ, ಅವರು ಈಗ ಸುಧಾರಿಸಿದ್ದಾರೆ ಎಂದು ಹೇಳಿ ಬಂದಿದ್ದೆ. ಎರಡು ಸಲವೂ ಮೇಡಂ, “ಆಯ್ತ್ರಿ, ಬರ್ತಾ ಇರ್ರಿ,” ಎಂದಿದ್ದರು. ಬೈದಿದ್ದರೆ ಮತ್ತೆ ಹೋಗುತ್ತಿರಲಿಲ್ಲ.

ಆಪರೇಷನ್ನಿನಲ್ಲಿ ಪೂರ್ತಿ ಮಂಪರು ಇರಲಿಲ್ಲ. ಹಸಿರು ಬಟ್ಟೆಯ ಕೆಳಗೆ, ಕಿವಿಯ ಹಿಂದೆ ಕತ್ತರಿಯಾಡುವುದು ತಿಳಿಯುತ್ತಿತ್ತು. ಯಾರೋ ನನ್ನ ಬಲಗೈ ಹಿಡಿದಿದ್ದರು. ಅದು ಅಲ್ಲಿನ ನರ್ಸು. ಮುಟ್ಟುವ ಮೊದಲು, “ಕೈ ಹಿಡ್ಕೊಳ್ಲೇನ್ರಿ?” ಎಂದು ಕೇಳಿದ್ದರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಗುತ್ತಲದಲ್ಲಿ ಅಗಿಯಲು ನೋವಾಗುತ್ತಿತ್ತೆಂದು ಅವ್ವ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿ ಕೊಡುತ್ತಿದ್ದಳು. ಸೀನು ಬಂದರೆ ಬಾಯಿ ತೆರೆದು ಸೀನಬೇಕಿತ್ತು. ನನಗೆ ಮೂಗು ತುರಿಸಿದರೂ ಸಾಕು, ಖಾನಾವಳಿಯ ಗಿರಾಕಿಗಳನ್ನು ಬಿಟ್ಟು ಓಡಿಬಂದು, “ಬಾಯಿ ತಗಿ, ಬಾಯಿ ತಗಿ,” ಎನ್ನುತ್ತಿದ್ದಳು. ಅಮೃತಾ ನಗುತ್ತಿದ್ದಳು. ನಾಲ್ಕನೇ ವಾರ ನಾನು ಗಂಡನಿಗೆ ಫೋನು ಮಾಡಿ, ಇನ್ನು ಬರುವುದಿಲ್ಲ ಎಂದು ಹೇಳಿದೆ. ಫೋನನ್ನು ಬಲಗಿವಿಗೆ ಹಿಡಿದಿದ್ದೆ. ಅವರು ಅಂದದ್ದೆಲ್ಲ ಸ್ಪಷ್ಟವಾಗಿ ಕೇಳಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೂರನೇ ದಿನ ಗಂಡ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ನಾನು ಒಳಗಿನ ಕೋಣೆಯಲ್ಲಿದ್ದೆ. ಅವ್ವ ಅವರನ್ನು ಖಾನಾವಳಿಯ ಬೆಂಚಿನ ಮೇಲೆ ಕೂರಿಸಿ ತಾಟು ಹಾಕಿದಳು.

“ಊಟ ಮಾಡ್ರಿ. ದೂರದಿಂದ ಬಂದೀರಿ. ಮಗಳು ಬರಂಗಿಲ್ಲ.”

“ಗಂಡ ಹೆಂಡ್ತಿ ನಡುವ ಇವೆಲ್ಲ ಇರ್ತಾವ ಯವ್ವಾ,” ಎಂದರು ಒಬ್ಬರು.

“ಹತ್ತು ವರ್ಷದ ಹಿಂದ ನಾನೂ ಹಂಗ ಅಂದಿದ್ನಿರಿ. ಅದು ನನ್ನ ತಪ್ಪಾತು. ಪಲ್ಯ ಹಾಕ್ಲೇನ್ರಿ?”

ಹಿರಿಯರು ಊಟ ಮಾಡಿದರು. ಗಂಡ ತಾಟು ಮುಟ್ಟಲಿಲ್ಲ. ಮತ್ತೆ ಬರುತ್ತೇನೆ ಎಂದು ಹೇಳಿ ಹೋದರು. ಆದರೆ ಅಷ್ಟರಲ್ಲಿ ನಿರ್ಮಲಾ ಮೇಡಂ, ಸಂಬಂಧಪಟ್ಟ ಅಧಿಕಾರಿಯ ಮುಂದೆ ನನ್ನ ವರದಿ ಬರೆಸಿದ್ದರು. ಡಾಕ್ಟರು ಬರೆದಿಟ್ಟಿದ್ದ ಕಾಗದ ಆಗ ನನ್ನ ಪರವಾಗಿ ಮಾತಾಡಿತು. ಗಂಡ ನನ್ನ ಹತ್ತಿರ, ಮಗಳ ಶಾಲೆಯ ಹತ್ತಿರ ಬರಬಾರದು ಎಂದು ಕೋರ್ಟಿನಿಂದ ಆದೇಶವಾಯಿತು. ಬೇರೆಯಾಗುವ ಪ್ರಕರಣ ಇನ್ನೂ ನಡೆದಿದೆ.

ಈಗ ನನಗೆ ಹಲಗೇರಿ ಕಡೆಗೆ ವರ್ಗವಾಗಿದೆ. ರಾಣೆಬೆನ್ನೂರಿನಲ್ಲಿ ಬಾಡಿಗೆ ಮನೆ. ಎಡಗಿವಿಯ ಪರದೆ ಕೂಡಿಕೊಂಡಿದೆ, ಅರ್ಧಕ್ಕಿಂತ ಹೆಚ್ಚು ಕೇಳಿಸುತ್ತದೆ. ಒಳಗಿನ ಸೀಟಿ ಪೂರ್ತಿ ಹೋಗಿಲ್ಲ, ಹೋಗಲಾರದು ಎಂದು ಡಾಕ್ಟರು ಹೇಳಿದ್ದಾರೆ. ಜೋರಾಗಿ ಬಾಗಿಲು ಬಡಿದರೆ ಇಂದಿಗೂ ಕೈ ತಾನಾಗಿ ಕೆನ್ನೆಗೆ ಹೋಗುತ್ತದೆ. ವಾಸಿಯಾಗುವುದೆಂದರೆ ನನ್ನ ಪಾಲಿಗೆ ಇಷ್ಟು. ಇದೂ ಕಡಿಮೆಯಲ್ಲ.

ಹಿಂದಿನ ತಿಂಗಳು ನಿರ್ಮಲಾ ಮೇಡಂ, ನರ್ಸುಗಳ ಮತ್ತು ಆಶಾ ಕಾರ್ಯಕರ್ತೆಯರ ಒಂದು ಸಭೆಗೆ ಕರೆದಿದ್ದರು. ವೇದಿಕೆಗೆ ಬೇಡ ಎಂದೆ, ಅವರ ನಡುವೆಯೇ ಕೂತು ಮಾತಾಡಿದೆ. ಒಬ್ಬ ಆಶಾ ಕಾರ್ಯಕರ್ತೆ, “ನಾವು ಕೇಳಿದ್ರ ಸಿಟ್ಟ ಮಾಡ್ತಾರ್ರಿ ಅಕ್ಕಾರ, ಮನೀ ಬಾಗಲಾ ಹಾಕ್ತಾರ,” ಎಂದಳು. ನಾನೂ ಸಿಟ್ಟು ಮಾಡಿದ್ದೆ ಎಂದು ಹೇಳಿದೆ. ಇದನ್ನು ಓದುತ್ತಿರುವ ನೀವು ಇನ್ನೂ ಬಚ್ಚಲು, ನಲ್ಲಿ ಎಂದು ಹೇಳುತ್ತಿರುವವರಾದರೆ, ನಿಮ್ಮ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ಕೇಳುವವರು ಇದ್ದಾರೆ ಎಂದು ತಿಳಿದಿರಲಿ, ಅಷ್ಟೇ.

ಮೊನ್ನೆ ಭಾನುವಾರ ಅವ್ವ ಬಂದಿದ್ದಳು. ಅಮೃತಾ ಗೆಳತಿಯರ ಜೊತೆ ಎಲ್ಲಿಗೋ ಹೋಗಬೇಕೆಂದು ಕೇಳಿದಳು, ಪರೀಕ್ಷೆ ಇದೆ, ಬೇಡ ಎಂದೆ. ಅವಳು ಕಾಲು ನೆಲಕ್ಕೆ ಬಡಿದು ಜೋರಾಗಿ ಕೂಗಿದಳು. “ನೀ ಯಾವಾಗ್ಲೂ ಹಿಂಗ. ನಿನ್ನ ಜೋಡಿ ನಾ ಮಾತಾಡಂಗಿಲ್ಲ.” ಹೋಗಿ ತನ್ನ ಕೋಣೆಯ ಬಾಗಿಲನ್ನು ದಢಾರನೆ ಹಾಕಿಕೊಂಡಳು. ನನ್ನ ಕೈ ಅರ್ಧಕ್ಕೆ ಎದ್ದು ನಿಂತಿತು.

“ಎಷ್ಟ ಒದರತಾಳ ನೋಡ. ಹೇಳ ಅಕಿಗೆ ಒಂದೀಟು,” ಎಂದಳು ಅವ್ವ.

ಬ್ಯಾಡಗಿಯ ಮನೆಯಲ್ಲಿ ಈ ಹುಡುಗಿ ಶಾಲೆಯಿಂದ ಬಂದರೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಒಳಗೆ ಬರುತ್ತಿದ್ದಳು. ಬೇಡ ಎಂದರೆ ಆಯಿತು ಎನ್ನುತ್ತಿದ್ದಳು. ಹತ್ತು ವರ್ಷದ ಮಗು ಒಂದು ದಿನವೂ ಹಟ ಮಾಡಿರಲಿಲ್ಲ, ಅದನ್ನು ನಾನು ಒಳ್ಳೆಯ ಗುಣ ಎಂದುಕೊಂಡಿದ್ದೆ.

“ಒದರಲಿ ಬಿಡು ಅವ್ವ,” ಎಂದೆ.

ಅವ್ವ ನನ್ನ ಮುಖ ನೋಡಿ ಒಲೆಯ ಕಡೆ ಹೋದಳು. ಕೋಣೆಯೊಳಗಿನ ಗೊಣಗಾಟ ಸ್ವಲ್ಪ ಹೊತ್ತು ನಡೆದಿತ್ತು. ಆಮೇಲೆ ಅಮೃತಾ ಬಾಗಿಲು ತೆರೆದು, ಮುಖ ಇನ್ನೂ ಊದಿಸಿಕೊಂಡೇ ಬಂದು ನನ್ನ ಪಕ್ಕದಲ್ಲಿ ನಿಂತಳು.

“ಹಸಿವ್ಯಾಗೇತಿ,” ಎಂದಳು.